ಕಪ್ಪು ಕಾಂಡದ ಮೇಲೆ ಕಪ್ಪು ಗೆರೆ: ಸೇನೆಯ ರೈಫಲ್ ಸ್ಕೋಪಿಗೆ ಬೆಳಗುವ ಗುರಿ ಬೇಕೆ?

ಕೊಪ್ಪ ತಾಲ್ಲೂಕಿನ ಭಂಡಿಗಡಿಯ ಸುತ್ತಿನ ಗುಡ್ಡಗಳಲ್ಲಿ ಸೂರ್ಯ ಮುಳುಗಿದ ಮೇಲೂ ಆಕಾಶ ಸ್ವಲ್ಪ ಹೊತ್ತು ಬೆಳ್ಳಗೇ ಇರುತ್ತದೆ. ಅಡಿಕೆ ತೋಟ ದಾಟಿ ಕಾಡಿನ ಅಂಚಿಗೆ ಹೋದರೆ ಮಾತ್ರ ಲೆಕ್ಕ ಬೇರೆ. ಅಲ್ಲಿ ಹೊತ್ತು ಮುಳುಗುವ ಮೊದಲೇ ಮರದ ಬುಡ, ಬಂಡೆ, ಪೊದೆ ಎಲ್ಲವೂ ಒಂದೇ ಬಣ್ಣಕ್ಕೆ ತಿರುಗಿರುತ್ತವೆ. ಇಂಥ ಜಾಗದಲ್ಲಿ ರೈಫಲ್ ಸ್ಕೋಪಿನೊಳಗೆ ಕಣ್ಣಿಟ್ಟರೆ ಎದುರಿನ ಮರ ಬರಿಗಣ್ಣಿಗಿಂತ ಚೆನ್ನಾಗಿಯೇ ಕಾಣುತ್ತದೆ. ಕಾಣದೇ ಹೋಗುವುದು ಗುರಿ ಹಿಡಿಯಬೇಕಾದ ಗೆರೆ. ಕಪ್ಪು ಕಾಂಡದ ಮೇಲೆ ಕಪ್ಪು ಗೆರೆ ಬಿದ್ದಿರುತ್ತದೆ.

ಈ ತೊಡಕಿಗೆ ತಯಾರಕರು ಕಂಡುಕೊಂಡ ಪರಿಹಾರ ಗೆರೆಯನ್ನೇ ಬೆಳಗಿಸುವುದು. ಗೆರೆಯ ನಡುವೆ ಕೆಂಪು ಚುಕ್ಕೆಯೋ ಹಸಿರು ಅಡ್ಡಗೆರೆಯೋ ಹೊಳೆಯುವ ಸ್ಕೋಪುಗಳು ಸಿನಿಮಾಗಳ ದೆಸೆಯಿಂದ ಎಲ್ಲರಿಗೂ ಪರಿಚಿತ. ಆದರೆ ಸೈನಿಕನ ರೈಫಲಿಗೆ ಅದು ನಿಜಕ್ಕೂ ಅಗತ್ಯವೇ? ಬ್ಯಾಟರಿ, ಸ್ವಿಚ್ಚು, ಹೆಚ್ಚಿನ ತೂಕ, ಹೆಚ್ಚಿನ ಬೆಲೆ ಇಷ್ಟನ್ನೂ ಹೊರುವಷ್ಟು ಲಾಭ ಅದರಿಂದ ಇದೆಯೇ? ಉತ್ತರ ಎಷ್ಟು ದೂರದ ಗುರಿ, ಎಂಥ ಹಿನ್ನೆಲೆ, ಎಷ್ಟು ಅವಸರ ಎಂಬ ಮೂರು ಸಂಗತಿಗಳನ್ನು ಅವಲಂಬಿಸಿದೆ.

ಗೆರೆ ಮಾಡುವ ಕೆಲಸ

ಸ್ಕೋಪಿನೊಳಗೆ ಕಾಣುವ ಅಡ್ಡ–ಉದ್ದ ಗೆರೆ, ಚುಕ್ಕೆ, ಬಾಣದ ಮೊನೆಗಳ ವಿನ್ಯಾಸಕ್ಕೆ ರೆಟಿಕಲ್ ಎಂದು ಹೆಸರು. ಹಳೆಯ ಸ್ಕೋಪುಗಳಲ್ಲಿ ಇದು ತೆಳುವಾದ ತಂತಿ. ಈಗಿನವುಗಳಲ್ಲಿ ಹೆಚ್ಚಾಗಿ ಗಾಜಿನ ಬಿಲ್ಲೆಯ ಮೇಲೆ ಕೊರೆದ ಗೆರೆ.

ರೆಟಿಕಲ್ ಎರಡು ಕೆಲಸ ಮಾಡುತ್ತದೆ. ಗುಂಡು ಎಲ್ಲಿ ಬೀಳುತ್ತದೆ ಎಂದು ತೋರಿಸುವುದು ಮೊದಲನೆಯದು. ದೂರ ಅಳೆಯಲು, ಗಾಳಿಗೂ ಗುಂಡಿನ ಇಳಿತಕ್ಕೂ ತಕ್ಕಂತೆ ಗುರಿ ಸರಿಸಲು ನೆರವಾಗುವುದು ಎರಡನೆಯದು. ಸೇನೆಯ ಸ್ಕೋಪುಗಳಲ್ಲಿ ಇದಕ್ಕಾಗಿ ಮಿಲ್ ಎಂಬ ಕೋನದ ಅಳತೆ ಬಳಕೆಯಲ್ಲಿದೆ. ಒಂದು ಮಿಲ್ ಎಂದರೆ 1,000 ಮೀಟರ್ ದೂರದಲ್ಲಿ ಒಂದು ಮೀಟರ್ ಅಗಲ.

ಗೆರೆಯ ದಪ್ಪದಲ್ಲೇ ಒಂದು ಇಕ್ಕಟ್ಟಿದೆ. ದಪ್ಪ ಗೆರೆ ಬೇಗ ಕಣ್ಣಿಗೆ ಬೀಳುತ್ತದೆ, ಆದರೆ ದೂರದ ಗುರಿಯನ್ನೇ ಮುಚ್ಚಿಬಿಡುತ್ತದೆ. ತೆಳು ಗೆರೆ ಗುರಿಯನ್ನು ಮುಚ್ಚುವುದಿಲ್ಲ, ಆದರೆ ಮಬ್ಬಿನಲ್ಲಿ ಕಾಣುವುದಿಲ್ಲ. 0.05 ಮಿಲ್ ದಪ್ಪದ ಗೆರೆ 1,000 ಮೀಟರ್ ದೂರದಲ್ಲಿ ಬರೇ 5 ಸೆಂಟಿಮೀಟರ್ ಜಾಗ ಮುಚ್ಚುತ್ತದೆ. ದೂರದ ಗುರಿಕಾರನಿಗೆ ಇದು ವರ. ಮುಸ್ಸಂಜೆಯಲ್ಲಿ 80 ಮೀಟರ್ ದೂರದ ಪೊದೆಯ ಕಡೆ ಸ್ಕೋಪು ತಿರುಗಿಸಿದವನಿಗೆ ಅದೇ ಗೆರೆ ಇಲ್ಲದಂತೆಯೇ. ಬೆಳಗುವ ರೆಟಿಕಲ್ ಹುಟ್ಟಿದ್ದು ಈ ಇಕ್ಕಟ್ಟಿನಿಂದ.

ಕಣ್ಣಿನ ಲೆಕ್ಕ, ಮಸೂರದ ಲೆಕ್ಕ

ಹಗಲಿನ ಬೆಳಕಿನಲ್ಲಿ ಮನುಷ್ಯನ ಕಣ್ಣಿನ ಪಾಪೆ ಸುಮಾರು 2ರಿಂದ 3 ಮಿಲಿಮೀಟರ್ ತೆರೆದಿರುತ್ತದೆ. ಕತ್ತಲಲ್ಲಿ, ಎಳೆಯ ವಯಸ್ಸಿನವರಲ್ಲಿ, ಅದು 7 ಮಿಲಿಮೀಟರ್‌ವರೆಗೂ ಹಿಗ್ಗುತ್ತದೆ. ವಯಸ್ಸಾದಂತೆ ಈ ಹಿಗ್ಗುವಿಕೆ ತಗ್ಗುತ್ತದೆ.

ಸ್ಕೋಪಿನ ಹಿಂಬದಿಯಿಂದ ಕಣ್ಣಿಗೆ ಬರುವ ಬೆಳಕಿನ ಕೋಲಿಗೂ ಒಂದು ಅಗಲವಿದೆ. ಮುಂದಿನ ಮಸೂರದ ಅಗಲವನ್ನು ಹಿಗ್ಗಿಸುವ ಪಟ್ಟಿನಿಂದ ಭಾಗಿಸಿದರೆ ಅದು ಸಿಗುತ್ತದೆ. 32 ಮಿಲಿಮೀಟರ್ ಮಸೂರದ 4 ಪಟ್ಟಿನ ಸ್ಕೋಪಿನಲ್ಲಿ ಅದು 8 ಮಿಲಿಮೀಟರ್: ಕತ್ತಲಲ್ಲಿ ಪೂರ್ತಿ ತೆರೆದ ಕಣ್ಣಿಗೂ ಸಾಕು. 56 ಮಿಲಿಮೀಟರ್ ಮಸೂರದ ದೊಡ್ಡ ಸ್ಕೋಪನ್ನು 25 ಪಟ್ಟಿಗೆ ಏರಿಸಿದರೆ 2.2 ಮಿಲಿಮೀಟರ್‌ಗೆ ಇಳಿಯುತ್ತದೆ. ಮುಸ್ಸಂಜೆಯಲ್ಲಿ ನೋಟ ಮಂಕಾಗುತ್ತದೆ. ಅದೇ ಸ್ಕೋಪನ್ನು 8 ಪಟ್ಟಿಗೆ ಇಳಿಸಿದರೆ 7 ಮಿಲಿಮೀಟರ್ ಆಗಿ ದೃಶ್ಯ ಮತ್ತೆ ಬೆಳಗುತ್ತದೆ.

ಹಾಗಾಗಿ ಬೆಳಕು ಇಳಿದಂತೆ ಗುರಿಕಾರ ಪಟ್ಟು ಇಳಿಸುತ್ತಾನೆ. ಇಲ್ಲಿ ಇನ್ನೊಂದು ತೊಡಕು ಎದುರಾಗುತ್ತದೆ. ಸೇನೆಯ ಬಹಳಷ್ಟು ಸ್ಕೋಪುಗಳಲ್ಲಿ ಪಟ್ಟು ಏರಿದಂತೆ ಗೆರೆಯೂ ಹಿಗ್ಗುತ್ತದೆ, ಇಳಿದಂತೆ ಅದೂ ಕುಗ್ಗುತ್ತದೆ. ಯಾವ ಪಟ್ಟಿನಲ್ಲೂ ಮಿಲ್ ಅಳತೆ ಸರಿಯಾಗಿರಲೆಂದೇ ಈ ಏರ್ಪಾಡು. 25 ಪಟ್ಟಿನಲ್ಲಿ ಢಾಳಾಗಿ ಕಾಣುವ ಗೆರೆ 5 ಪಟ್ಟಿನಲ್ಲಿ ಅದರ ಐದನೇ ಒಂದು ಪಾಲು ದಪ್ಪ ಮಾತ್ರ. ದೃಶ್ಯಕ್ಕೆ ಬೆಳಕು ಬೇಕೆಂದು ಪಟ್ಟು ಇಳಿಸಿದ ಕ್ಷಣದಲ್ಲೇ ಗೆರೆ ಕಣ್ಣಿಂದ ಜಾರುತ್ತದೆ. ರೆಟಿಕಲ್ಲಿನ ನಡುಭಾಗವನ್ನಾದರೂ ಬೆಳಗಿಸಿದರೆ ಈ ತೊಡಕು ಬಹುಮಟ್ಟಿಗೆ ತೀರುತ್ತದೆ.

ಬೆಳಕು ಬರುವ ಮೂರು ದಾರಿ

ಮೊದಲ ದಾರಿ ಬ್ಯಾಟರಿ. ಹಿಂದೆ ಪುಟ್ಟ ಬಲ್ಬು ಇರುತ್ತಿತ್ತು, ಈಗ ಎಲ್‌ಇಡಿ. ಗಾಜಿನ ಅಂಚಿನಿಂದ ಹಾಯಿಸಿದ ಬೆಳಕು ಕೊರೆದ ಗೆರೆಗೆ ತಾಗಿ ಕಣ್ಣಿನ ಕಡೆಗೆ ಚದುರುತ್ತದೆ. ಬೆಳಕನ್ನು ಹೆಚ್ಚು ಕಡಿಮೆ ಮಾಡಲು ಒಂದು ತಿರುಗಣಿ ಇರುತ್ತದೆ.

ಎರಡನೆಯದು ಟ್ರಿಟಿಯಂ. ಇದು ಹೈಡ್ರೋಜನ್ನಿನ ವಿಕಿರಣಶೀಲ ರೂಪ. ಒಳಮೈಗೆ ಹೊಳೆಯುವ ಪುಡಿ ಬಳಿದ ಪುಟ್ಟ ಗಾಜಿನ ಕೊಳವೆಯಲ್ಲಿ ಇದನ್ನು ತುಂಬಿ ಮುಚ್ಚುತ್ತಾರೆ. ಹೊರಡುವ ಬೀಟಾ ಕಣಗಳು ಪುಡಿಗೆ ಬಡಿದು ಬೆಳಕಾಗುತ್ತವೆ. ಗಾಜನ್ನು ದಾಟಿ ಹೊರಬರುವ ಶಕ್ತಿ ಅವಕ್ಕಿಲ್ಲ. ಸ್ವಿಚ್ಚೂ ಬೇಡ, ಬ್ಯಾಟರಿಯೂ ಬೇಡ. ಆದರೆ ಟ್ರಿಟಿಯಮ್ಮಿನ ಅರ್ಧಾಯುಷ್ಯ 12.3 ವರ್ಷ. ಅಷ್ಟು ಕಾಲದಲ್ಲಿ ಬೆಳಕು ಅರ್ಧಕ್ಕೆ ಇಳಿಯುತ್ತದೆ, ಸುಮಾರು 25 ವರ್ಷಕ್ಕೆ ಕಾಲುಭಾಗ ಉಳಿಯುತ್ತದೆ.

ಮೂರನೆಯದು ಸ್ಕೋಪಿನ ನೆತ್ತಿಯ ಮೇಲೆ ಕೂರಿಸಿದ ಬಣ್ಣದ ಬೆಳಕಿನ ನಾರು. ಹೊರಗಿನ ಬೆಳಕನ್ನೇ ಹೀರಿ ರೆಟಿಕಲ್ಲಿಗೆ ಮುಟ್ಟಿಸುವ ಇದು ಬಿಸಿಲು ಏರಿದಂತೆ ಹೆಚ್ಚು ಹೊಳೆಯುತ್ತದೆ, ಮಬ್ಬಾದಂತೆ ತಾನೇ ತಗ್ಗುತ್ತದೆ. ಸೈನಿಕ ಕತ್ತಲ ಕೋಣೆಯಲ್ಲಿ ನಿಂತು ಬಿಸಿಲಿನಲ್ಲಿರುವ ಗುರಿಯನ್ನು ನೋಡುವಾಗ ಮಾತ್ರ ಇದರ ಲೆಕ್ಕ ತಪ್ಪುತ್ತದೆ: ನಾರಿಗೆ ಸಿಗುವುದು ಕೋಣೆಯ ಬೆಳಕು, ಗುರಿ ಇರುವುದು ಬಯಲಿನ ಬೆಳಕಿನಲ್ಲಿ.

ದ್ರಾಗುನೊವ್‌ನಿಂದ ಈಚೆಗೆ

ಬೆಳಗುವ ರೆಟಿಕಲ್ ಇತ್ತೀಚಿನ ಶೋಕಿಯಲ್ಲ. ಸೋವಿಯತ್ ಸೇನೆ 1963ರಲ್ಲಿ ದ್ರಾಗುನೊವ್ ರೈಫಲನ್ನು ಅಂಗೀಕರಿಸಿದಾಗ ಅದರ ಜೊತೆಗೆ ಬಂದ ಪಿಎಸ್‌ಒ–1 ಸ್ಕೋಪಿನಲ್ಲೇ ಬ್ಯಾಟರಿಯಿಂದ ಬೆಳಗುವ ರೆಟಿಕಲ್ ಇತ್ತು. 4 ಪಟ್ಟು ಹಿಗ್ಗಿಸುವ, 24 ಮಿಲಿಮೀಟರ್ ಮಸೂರದ ಸ್ಕೋಪು ಅದು. 1.7 ಮೀಟರ್ ಎತ್ತರದ ಮನುಷ್ಯನನ್ನು ಅಳತೆಗೋಲಾಗಿ ಇಟ್ಟುಕೊಂಡು ದೂರ ಅಂದಾಜಿಸುವ ಬಾಗುಗೆರೆಯೂ ಅದರಲ್ಲಿದೆ. ಭಾರತೀಯ ಸೇನೆಯ ಕಾಲಾಳು ಪಡೆಗಳಲ್ಲಿ ದಶಕಗಳಿಂದ ಬಳಕೆಯಲ್ಲಿರುವುದು ಇದೇ ದ್ರಾಗುನೊವ್.

ಚಳಿ ಪ್ರದೇಶಕ್ಕಾಗಿ ಈ ಸ್ಕೋಪಿನೊಡನೆ ಒಂದು ಹೆಚ್ಚುವರಿ ಸಲಕರಣೆ ಕೊಡುತ್ತಿದ್ದರು. ಬ್ಯಾಟರಿಯನ್ನು ಸ್ಕೋಪಿನಿಂದ ಬಿಡಿಸಿ, ತಂತಿಯ ಮೂಲಕ ಜೋಡಿಸಿ, ಅಂಗಿಯೊಳಗೆ ಮೈಬಿಸಿಯಲ್ಲಿ ಇಟ್ಟುಕೊಳ್ಳುವ ಏರ್ಪಾಡು ಅದು. ಹಿಮದಲ್ಲಿ ಬ್ಯಾಟರಿ ಸೊರಗುತ್ತದೆ ಎಂಬುದು ಅಂದೇ ತಿಳಿದಿತ್ತು. ಸಿಯಾಚಿನ್‌ನಂಥ ಎತ್ತರದಲ್ಲಿ ಈ ಮಾತು ಇಂದಿಗೂ ಸುಳ್ಳಾಗಿಲ್ಲ.

ಬ್ರಿಟನ್ನು ಟ್ರಿಟಿಯಂ ದಾರಿ ಹಿಡಿಯಿತು. 1980ರ ದಶಕದಲ್ಲಿ ಬಂದ ಎಸ್‌ಎ80 ರೈಫಲಿನ ಸೂಸಾಟ್ ಸ್ಕೋಪಿನಲ್ಲಿ ಅಡ್ಡಗೆರೆಯ ಬದಲು ಒಂದು ಮುಳ್ಳು ಇತ್ತು. ಹಗಲಲ್ಲಿ ಅದು ಕಪ್ಪು, ಮಬ್ಬಿನಲ್ಲಿ ಟ್ರಿಟಿಯಮ್ಮಿನಿಂದ ಬೆಳಗುತ್ತಿತ್ತು. ಅಮೆರಿಕದ ಟ್ರಿಜಿಕಾನ್ ಕಂಪನಿ 1987ರಲ್ಲಿ ತಂದ ಎಕಾಗ್ ಸ್ಕೋಪಿಗೂ ಟ್ರಿಟಿಯಮ್ಮೇ ಆಧಾರ. ಮುಂದೆ ಅದಕ್ಕೆ ಬೆಳಕಿನ ನಾರನ್ನೂ ಸೇರಿಸಿದರು. 2000ರ ದಶಕದಲ್ಲಿ ಅಮೆರಿಕದ ಮರೀನ್ ಪಡೆ ಇದನ್ನು ದೊಡ್ಡ ಪ್ರಮಾಣದಲ್ಲಿ ಬಳಸಿತು.

ಇದಕ್ಕೆ ಎದುರಾದ ಉದಾಹರಣೆಯೂ ಇದೆ. ಅಮೆರಿಕದ ಸೇನೆ 1988ರಲ್ಲಿ ಬಳಕೆಗೆ ತಂದ ಎಂ24 ಸ್ನೈಪರ್ ರೈಫಲಿನ ಸ್ಕೋಪು 10 ಪಟ್ಟು ಹಿಗ್ಗಿಸುತ್ತಿತ್ತು, ರೆಟಿಕಲ್ ಬೆಳಗುತ್ತಿರಲಿಲ್ಲ. ಮರೀನ್ ಸ್ನೈಪರ್‌ಗಳ ಎಂ40ಎ1 ರೈಫಲಿನ ಉನರ್ಟಲ್ ಸ್ಕೋಪಿನ ಕಥೆಯೂ ಅದೇ. ಈ ಎರಡೂ ದಶಕಗಳ ಕಾಲ ಯುದ್ಧದಲ್ಲಿ ದುಡಿದವು.

ದೂರದ ಗುರಿ, ಹತ್ತಿರದ ಗುರಿ

ಈ ಎರಡು ಪರಂಪರೆಗಳು ಒಂದಕ್ಕೊಂದು ವಿರುದ್ಧವಲ್ಲ. ಕೆಲಸ ಬೇರೆ, ಸಲಕರಣೆ ಬೇರೆ.

ಸ್ನೈಪರ್ ನಿಧಾನದ ಮನುಷ್ಯ. ಮಲಗಿ, ಉಸಿರು ಹಿಡಿದು, ಗಾಳಿ ಅಳೆದು ಗುಂಡು ಹಾರಿಸುವವನಿಗೆ ಗೆರೆ ಹುಡುಕಲು ಸಮಯವಿದೆ. ಅವನ ಗುರಿ ಬಹುಪಾಲು ಹಗಲಿನದು, ದೂರದ್ದು, ಸ್ಕೋಪು ಹೆಚ್ಚಿನ ಪಟ್ಟಿನಲ್ಲಿ ಇರುತ್ತದೆ. ಭಾರತೀಯ ಸೇನೆಯ ಉತ್ತರ ಕಮಾಂಡ್ 2019ರಲ್ಲಿ ಗಡಿಯ ಸ್ನೈಪರ್‌ಗಳಿಗೆ ಇಟಲಿಯ ಬೆರೆಟ್ಟಾ ಸ್ಕಾರ್ಪಿಯೊ .338 ರೈಫಲನ್ನೂ ಅಮೆರಿಕದ ಬ್ಯಾರೆಟ್ ಎಂ95 ರೈಫಲನ್ನೂ ಕೊಟ್ಟಿದ್ದು ದೂರ ಹೆಚ್ಚಿಸಲೆಂದೇ. ಇಂಥ ರೈಫಲಿನಲ್ಲಿ ಬೆಳಗುವ ರೆಟಿಕಲ್ ಬೆಳಗಿನ ಜಾವ ಮತ್ತು ಸಂಜೆಯ ಕೆಲವೇ ನಿಮಿಷಗಳಿಗೆ ಉಪಯುಕ್ತ. ಉಳಿದ ಹೊತ್ತು ಅದನ್ನು ಆರಿಸಿಡುವುದೇ ವಾಡಿಕೆ.

ಕಾಲಾಳುವಿನ ಪಾಡು ಹಾಗಲ್ಲ. ಗುರಿ 30 ಮೀಟರ್ ದೂರದಲ್ಲಿ ಎದ್ದುನಿಂತು ಓಡಬಹುದು, 400 ಮೀಟರ್ ದೂರದಿಂದ ಗುಂಡು ಹಾರಿಸಲೂಬಹುದು. ಹತ್ತಿರದ ಗುರಿಗೆ ಬೇಕಾದದ್ದು ನಿಖರತೆಗಿಂತ ಮೊದಲು ವೇಗ. ಎರಡೂ ಕಣ್ಣು ತೆರೆದು ನೋಡಿದಾಗ ಹೊಳೆಯುವ ಚುಕ್ಕೆ ತಾನಾಗಿ ಗಮನ ಸೆಳೆಯುತ್ತದೆ. ಕಪ್ಪು ಗೆರೆಯನ್ನು ಹುಡುಕಬೇಕಾಗುತ್ತದೆ. ಭಾರತದ ವಿಶೇಷ ಪಡೆಗಳು ಬಳಸುವ ಇಸ್ರೇಲಿನ ಟವೊರ್ ರೈಫಲಿಗೆ, ಹಿಗ್ಗಿಸದೆ ಕೆಂಪು ಚುಕ್ಕೆ ಮಾತ್ರ ತೋರುವ ಸಾಧನ ಜೋಡಿಸಿದ್ದು ಇದೇ ಕಾರಣಕ್ಕೆ.

ಈಚಿನ ಒಲವು ಎರಡನ್ನೂ ಕೂಡಿಸುವುದು. ಅಮೆರಿಕದ ಮರೀನ್ ಪಡೆ 2020ರಲ್ಲಿ 1ರಿಂದ 8 ಪಟ್ಟು ಹಿಗ್ಗಿಸುವ ಸ್ಕೋಪನ್ನು ಆಯ್ದುಕೊಂಡಿತು. ಅಲ್ಲಿನ ಭೂಸೇನೆ 2022ರ ಜನವರಿಯಲ್ಲಿ ಹೊಸ ರೈಫಲಿಗಾಗಿ ಅದೇ ವ್ಯಾಪ್ತಿಯ, ದೂರ ಅಳೆಯುವ ಲೇಸರ್ ಸೇರಿದ ಎಕ್ಸ್‌ಎಂ157 ಸಾಧನಕ್ಕೆ ಒಪ್ಪಂದ ಮಾಡಿಕೊಂಡಿತು. 1 ಪಟ್ಟಿನಲ್ಲಿ ಚುಕ್ಕೆಯಂತೆ, 8 ಪಟ್ಟಿನಲ್ಲಿ ಸ್ಕೋಪಿನಂತೆ ದುಡಿಯಬೇಕಾದ ಇಂಥ ಸಾಧನಕ್ಕೆ ನಡುಹಗಲಿನಲ್ಲೂ ಕಾಣುವಷ್ಟು ಪ್ರಖರವಾದ ಬೆಳಗುವ ರೆಟಿಕಲ್ ಬೇಕೇಬೇಕು. ಅದಿಲ್ಲದಿದ್ದರೆ 1 ಪಟ್ಟಿನಲ್ಲಿ ಕುಗ್ಗಿದ ಗೆರೆ ಗುರಿಗೆ ಬಾರದು.

ಮಲೆನಾಡಿನ ಕಾಡು ಹೇಳುವುದೇನು

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಾಡು ಈ ಚರ್ಚೆಗೆ ತಕ್ಕ ನೆಲ. ದಟ್ಟ ನಿತ್ಯಹರಿದ್ವರ್ಣ ಕಾಡಿನಲ್ಲಿ ಮರಗಳ ನೆತ್ತಿಗೆ ಬೀಳುವ ಬಿಸಿಲಿನಲ್ಲಿ ನೆಲ ಮುಟ್ಟುವುದು ನೂರರಲ್ಲಿ ಒಂದೆರಡು ಪಾಲು ಮಾತ್ರ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಆಗುಂಬೆ ಪಕ್ಕದಲ್ಲೇ ಇದೆ. ಮಳೆಗಾಲದ ನಡುಹಗಲೂ ಇಲ್ಲಿ ಮುಸ್ಸಂಜೆಯಂತೆ.

ಈ ಕಾಡಿನಲ್ಲಿ ಶಸ್ತ್ರಧಾರಿಗಳ ಓಡಾಟ ಬರೀ ಊಹೆಯ ಮಾತಲ್ಲ. 2003ರ ನವೆಂಬರಿನಲ್ಲಿ ಕಾರ್ಕಳ ತಾಲ್ಲೂಕಿನ ಈದುವಿನಲ್ಲಿ ನಡೆದ ಎನ್‌ಕೌಂಟರ್‌ನಿಂದ ಹಿಡಿದು, 2025ರ ಜನವರಿ 8ರಂದು ಆರು ಮಂದಿ ನಕ್ಸಲರು ಬೆಂಗಳೂರಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರ ಮುಂದೆ ಶರಣಾಗುವವರೆಗೆ, ಎರಡು ದಶಕ ಕಾಲ ಪಶ್ಚಿಮಘಟ್ಟದ ಈ ಮಗ್ಗುಲಲ್ಲಿ ಕೂಂಬಿಂಗ್ ನಡೆಯಿತು. ಕಾರ್ಕಳದಲ್ಲಿ ಕೇಂದ್ರವಿರುವ ನಕ್ಸಲ್ ನಿಗ್ರಹ ಪಡೆ ತಿರುಗಿದ್ದು ಇದೇ ಗುಡ್ಡಗಳಲ್ಲಿ.

ಇಂಥ ಕಾಡಿನಲ್ಲಿ ಕಣ್ಣು ಹಾಯುವ ದೂರ ಬಹಳ ಕಡಿಮೆ. ಹಳುವಿನೊಳಗೆ 50 ಮೀಟರ್ ಆಚೆಗೆ ಮನುಷ್ಯ ಕಾಣುವುದೇ ಅಪರೂಪ. ಹಳ್ಳದ ಆಚೆ ದಡ, ಗದ್ದೆ ಬಯಲು, ಹುಲ್ಲುಗುಡ್ಡದ ನೆತ್ತಿ ಇಂಥ ಕಡೆ ಮಾತ್ರ ದೂರ ತೆರೆದುಕೊಳ್ಳುತ್ತದೆ. ಹೆಚ್ಚು ಹಿಗ್ಗಿಸುವ ಸ್ಕೋಪಿಗೆ ಇಲ್ಲಿ ಕೆಲಸವೇ ಕಡಿಮೆ. ಕಡಿಮೆ ಪಟ್ಟಿನ, ಬೆಳಗುವ ಗುರಿಯ ಸಾಧನಕ್ಕೆ ಕೆಲಸ ಹೆಚ್ಚು. ಹಸಿರು–ಕಪ್ಪು ಹಿನ್ನೆಲೆಯ ಮೇಲೆ ಕೆಂಪು ಚುಕ್ಕೆ ಬಣ್ಣದ ಬಲದಿಂದಲೇ ಎದ್ದು ಕಾಣುತ್ತದೆ. ರಾಜಸ್ಥಾನದ ಮರಳಿನ ಮೇಲೆ ಕಪ್ಪು ಗೆರೆಗೆ ಇರುವ ಅನುಕೂಲ ಇಲ್ಲಿಲ್ಲ.

ಮುಸ್ಸಂಜೆಯ ಅವಧಿಯೂ ಊರಿಂದೂರಿಗೆ ಬೇರೆ. 13.5 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿರುವ ಕೊಪ್ಪ ಸೀಮೆಯಲ್ಲಿ ಸೂರ್ಯ ನೆಟ್ಟಗೆ ಇಳಿಯುವುದರಿಂದ, ಮುಳುಗಿದ 20–25 ನಿಮಿಷಕ್ಕೆಲ್ಲ ಬಯಲಿನಲ್ಲೂ ಕತ್ತಲು ಕವಿಯುತ್ತದೆ. ಲಂಡನ್ನಿನಲ್ಲಿ ಜೂನ್ ತಿಂಗಳಲ್ಲಿ ಅದೇ ಮಬ್ಬು 45 ನಿಮಿಷಕ್ಕೂ ಹೆಚ್ಚು ಹೊತ್ತು ಉಳಿಯುತ್ತದೆ. ಯುರೋಪಿನ ಸೇನೆಗಳಿಗೆ ಬೆಳಗುವ ರೆಟಿಕಲ್ ಮುಸ್ಸಂಜೆಯ ಸಲಕರಣೆ. ಮಲೆನಾಡಿನಲ್ಲಿ ಅದು ಹಗಲಿನ ನೆರಳಿನ ಸಲಕರಣೆ.

ಬೆಳೆ ರಕ್ಷಣೆಗೆ ಪರವಾನಗಿ ಪಡೆದ ಊರಿನ ಕೋವಿಗಳಿಗೆ ಈ ಮಾತು ಅನ್ವಯಿಸುವುದಿಲ್ಲ. ನಳಿಗೆಯ ತುದಿಯ ಮಣಿಯೊಂದೇ ಅವುಗಳ ಗುರಿ. ಅವುಗಳ ಗುಂಡು ಹೋಗುವ ದೂರಕ್ಕೆ ಅಷ್ಟೇ ಸಾಕು.

ಬೆಳಕಿಗೆ ತೆರುವ ಬೆಲೆ

ಕಣ್ಣು ಕತ್ತಲಿಗೆ ಪೂರ್ತಿ ಒಗ್ಗಲು 20ರಿಂದ 30 ನಿಮಿಷ ಬೇಕು. ಪ್ರಖರ ರೆಟಿಕಲ್ ಆ ಒಗ್ಗುವಿಕೆಯನ್ನು ಕ್ಷಣದಲ್ಲಿ ಕೆಡಿಸಬಲ್ಲದು. ಟಾರ್ಚು ನೋಡಿದವನಿಗೆ ಅಂಗಳದ ಕತ್ತಲು ಇನ್ನಷ್ಟು ಕಪ್ಪಾಗುವಂತೆ, ಚುಕ್ಕೆ ಚೆನ್ನಾಗಿ ಕಂಡಷ್ಟೂ ಗುರಿ ಮಾಯವಾಗುತ್ತದೆ. ಚುಕ್ಕೆಯ ಸುತ್ತ ಪ್ರಭೆ ಹರಡಿ ಗುರಿಯನ್ನು ಮುಚ್ಚುವುದೂ ಉಂಟು. ಕಣ್ಣಿನಲ್ಲಿ ಕತ್ತಲ ನೋಟಕ್ಕೆ ಕಾರಣವಾದ ಕೋಶಗಳು ಕೆಂಪು ಬೆಳಕಿಗೆ ಬಹುಮಟ್ಟಿಗೆ ಕುರುಡು. ಸೇನೆಯ ಸ್ಕೋಪುಗಳಲ್ಲಿ ಕೆಂಪು ಹೆಚ್ಚಾಗಿರಲು ಇದೂ ಒಂದು ಕಾರಣ.

ಎರಡನೆಯ ಅಪಾಯ ಬೆಳಕಿನ ಸೋರಿಕೆ. ಒಳಗೆ ಚದುರಿದ ಬೆಳಕಿನ ಒಂದಂಶ ಮುಂದಿನ ಮಸೂರದಿಂದ ಹೊರಹೋಗಬಹುದು. ಬರಿಗಣ್ಣಿಗೆ ಅದು ಕಾಣದಿದ್ದರೂ ರಾತ್ರಿ ನೋಟದ ಸಾಧನ ಹಿಡಿದ ಎದುರಾಳಿಗೆ ಕಾಣುವ ಸಾಧ್ಯತೆ ಇದೆ.

ಮೂರನೆಯದು ಬ್ಯಾಟರಿ. ಅದು ತೀರುತ್ತದೆ, ಚಳಿಗೆ ಸೊರಗುತ್ತದೆ, ತೇವಕ್ಕೆ ತುಕ್ಕು ಹಿಡಿಯುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಕೊನೆಯ ಮಾತು ಮುಖ್ಯ. ಸ್ಕೋಪಿನ ಒಳಗೆ ನೈಟ್ರೋಜನ್ ತುಂಬಿ ಮುಚ್ಚುವುದರಿಂದ ಒಳಗಾಜು ಮಂಜಾಗುವುದಿಲ್ಲ. ಹೊರಗಾಜಿನ ಮೇಲೆ ಉಸಿರು ಕಟ್ಟಿದಾಗ, ಕಣಿವೆಯಿಂದ ಮಂಜು ಏರಿದಾಗ, ಬೆಳಗುವ ರೆಟಿಕಲ್ ತನ್ನನ್ನು ಮಾತ್ರ ತೋರಿಸೀತು, ಗುರಿಯನ್ನಲ್ಲ.

ಪೂರ್ತಿ ಕತ್ತಲಲ್ಲಿ

ಬೆಳಗುವ ರೆಟಿಕಲ್ ಇದ್ದರೆ ರಾತ್ರಿಯಲ್ಲೂ ಗುರಿ ಹಿಡಿಯಬಹುದು ಎಂಬುದು ಸಾಮಾನ್ಯ ತಪ್ಪುತಿಳಿವಳಿಕೆ. ಅದು ಬೆಳಗುವುದು ಗೆರೆಯನ್ನು, ಗುರಿಯನ್ನಲ್ಲ. ಅಮಾವಾಸ್ಯೆಯ ಕಾಡಿನಲ್ಲಿ ಕೆಂಪು ಚುಕ್ಕೆ ಸ್ಪಷ್ಟವಾಗಿಯೇ ಕಾಣುತ್ತದೆ, ಅದರ ಹಿಂದೆ ಏನೂ ಕಾಣುವುದಿಲ್ಲ.

ಆ ಹೊತ್ತಿಗೆ ಬೇಕಾದದ್ದು ಬೇರೆ ಸಾಧನ. ನಕ್ಷತ್ರದ ಬೆಳಕನ್ನು ಹಲವು ಸಾವಿರ ಪಟ್ಟು ಹೆಚ್ಚಿಸುವ ಸಾಧನ ಒಂದು ಬಗೆ, ಮೈಶಾಖವನ್ನು ಚಿತ್ರವಾಗಿಸುವ ಥರ್ಮಲ್ ಸಾಧನ ಇನ್ನೊಂದು. ಥರ್ಮಲ್ ಸಾಧನದಲ್ಲಿ ರೆಟಿಕಲ್ ಗಾಜಿನ ಮೇಲಿನ ಗೆರೆಯೇ ಅಲ್ಲ. ಪರದೆಯ ಮೇಲೆ ಬರೆದ ಚಿತ್ರ. ಹಗಲಿನ ಸ್ಕೋಪಿನ ಮುಂದೆ ರಾತ್ರಿ ಸಾಧನ ಜೋಡಿಸಿದರೆ ಅದರ ಹೊಳೆಯುವ ಪರದೆಯ ಮೇಲೆ ಮಾಮೂಲಿ ಕಪ್ಪು ಗೆರೆಯೇ ಎದ್ದು ಕಾಣುತ್ತದೆ, ಬೆಳಗಿಸುವ ಪ್ರಮೇಯವೇ ಬರುವುದಿಲ್ಲ. ಸೈನಿಕ ರಾತ್ರಿ ಕನ್ನಡಕ ಧರಿಸಿ ಸ್ಕೋಪಿನೊಳಗೆ ನೋಡುವಾಗ ಮಾತ್ರ ಬೆಳಗುವ ಚುಕ್ಕೆ ಬೇಕು. ಅದೂ ಬರಿಗಣ್ಣಿಗೆ ಕಾಣದಷ್ಟು ಮಂದವಾಗಿರಬೇಕು.

ಭಾರತೀಯ ಸೇನೆಯ ಖರೀದಿಯಲ್ಲಿ ಈ ಅರಿವು ಕಾಣುತ್ತದೆ. 2019ರ ಫೆಬ್ರುವರಿಯಲ್ಲಿ 72,400 ಸಿಗ್ 716 ರೈಫಲುಗಳಿಗೆ ಬೇಡಿಕೆ ಇಡಲಾಯಿತು. ಈ 7.62 ಮಿಲಿಮೀಟರ್ ರೈಫಲಿಗಾಗಿ 2025ರ ಅಕ್ಟೋಬರಿನಲ್ಲಿ ರಕ್ಷಣಾ ಸಚಿವಾಲಯ 659.47 ಕೋಟಿ ರೂಪಾಯಿಯ ರಾತ್ರಿ ಸಾಧನಗಳ ಒಪ್ಪಂದಕ್ಕೆ ಸಹಿ ಹಾಕಿತು. ನಕ್ಷತ್ರದ ಬೆಳಕಿನಲ್ಲೇ 500 ಮೀಟರ್ ದೂರದ ಗುರಿ ಹಿಡಿಯಲು ನೆರವಾಗುವುದು ಅವುಗಳ ಉದ್ದೇಶ. ಕರ್ನಾಟಕಕ್ಕೂ ಈ ಕ್ಷೇತ್ರದಲ್ಲಿ ಪಾಲಿದೆ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇರುವ ಬಿಇಎಲ್ ರಾತ್ರಿ ನೋಟದ ಸಾಧನಗಳನ್ನು, ಟೊನ್ಬೊ ಇಮೇಜಿಂಗ್ ಥರ್ಮಲ್ ಸಾಧನಗಳನ್ನು, ಎಸ್‌ಎಸ್‌ಎಸ್ ಡಿಫೆನ್ಸ್ ಸ್ನೈಪರ್ ರೈಫಲುಗಳನ್ನು ತಯಾರಿಸುತ್ತವೆ.

ಹಾಗಾದರೆ ಬೇಕೆ?

ಕಡಿಮೆ ಪಟ್ಟಿನ, ಹತ್ತಿರದ ಗುರಿಗೂ ಬಳಸುವ ಕಾಲಾಳು ಸ್ಕೋಪಿಗೆ ಬೆಳಗುವ ರೆಟಿಕಲ್ ಅನಿವಾರ್ಯ. ದಟ್ಟ ಕಾಡಿನಲ್ಲಿ ತಿರುಗುವ ಪಡೆಗೆ ಇನ್ನೂ ಹೆಚ್ಚು. ದೂರದ ಸ್ನೈಪರ್ ಸ್ಕೋಪಿಗೆ ಅದು ಒಳ್ಳೆಯ ಸೇರ್ಪಡೆ, ಜೀವಾಳವಲ್ಲ. ರಾತ್ರಿ ಸಾಧನಕ್ಕೆ ಅದು ಬದಲಿಯಂತೂ ಅಲ್ಲವೇ ಅಲ್ಲ.

ಕೊಳ್ಳುವವರು ಪರೀಕ್ಷಿಸಬೇಕಾದ ಅಂಶಗಳೂ ಇದರಿಂದಲೇ ಹೊರಡುತ್ತವೆ. ಬ್ಯಾಟರಿ ಸತ್ತರೂ ಗಾಜಿನ ಮೇಲೆ ಕಪ್ಪು ಗೆರೆ ಉಳಿಯಬೇಕು. ಬೆಳಕು ನಡುಭಾಗಕ್ಕೆ ಸೀಮಿತವಾಗಿರಬೇಕು. ತಿರುಗಣಿಯ ಒಂದು ತುದಿಯಲ್ಲಿ ನಡುಹಗಲಿಗೆ ಸಾಲುವ ಪ್ರಖರತೆ, ಇನ್ನೊಂದು ತುದಿಯಲ್ಲಿ ರಾತ್ರಿ ಸಾಧನಕ್ಕೆ ಹೊಂದುವ ಮಂದತೆ ಇರಬೇಕು. ಬ್ಯಾಟರಿ ಎಲ್ಲ ಅಂಗಡಿಯಲ್ಲೂ ಸಿಗುವಂಥದ್ದಾಗಿರಬೇಕು. ಬೆಳಕು ಇದ್ದಾಗ ನೆರವಾಗಿ, ಇಲ್ಲದಾಗಲೂ ಕೈಬಿಡದ ರೆಟಿಕಲ್ಲೇ ಸೇನೆಗೆ ಯೋಗ್ಯ.